ಸೈಟಿನ ಮಳೆನೀರು ಪರ್ಮಿಟ್: ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮಾಡಿಸಿದವರು ಅನುಭವ ಹೇಳಿ

ಕೇಳಿದವರು:
ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಗೋಡೌನ್ ಕಟ್ಟಿಸ್ತಾ ಇದ್ದೇನೆ. ಜಾಗ 3 ಎಕರೆ, ಅಗೆದು ಮಟ್ಟ ಮಾಡೋದು 1.4 ಎಕರೆ. ಮಳೆನೀರಲ್ಲಿ ಸೈಟಿನ ಮಣ್ಣು ಹೊರಗೆ ಹರಿಯದಂತೆ ನೋಡಿಕೊಳ್ಳೋಕೆ ಇಲ್ಲಿ ನಡೆಯೋದು ಇಪಿಎ (ಅಮೆರಿಕದ ಕೇಂದ್ರ ಪರಿಸರ ಸಂಸ್ಥೆ) ಪರ್ಮಿಟ್. ಮಣ್ಣಿನ ಕೆಲಸ ಸೆಪ್ಟೆಂಬರ್‌ನಲ್ಲಿ ಶುರು. ಸ್ವಿಪ್ (ಮಳೆನೀರು ಕೊಳೆಯಾಗದಂತೆ ತಡೆಯೋ ಲಿಖಿತ ಯೋಜನೆ) ನಾನೇ ಬರೆಯಲಾ, ಎಂಜಿನಿಯರ್‌ಗೆ ಕೊಡಲಾ? ಇನ್‌ಸ್ಪೆಕ್ಷನ್ 7 ದಿನಕ್ಕೊಮ್ಮೆಯದು ಆರಿಸಲಾ, 14 ದಿನಕ್ಕೊಮ್ಮೆಯದಾ? ಮಾಡಿಸಿದವರು ದಯವಿಟ್ಟು ಹೇಳಿ.

ನ್ಯಾಶುವಾದವರು:
ಸೆಪ್ಟೆಂಬರ್ ಅಂದ ತಕ್ಷಣ ಎದೆ ಝಲ್ ಅಂತು ಸರ್. ನಂದೂ ನ್ಯೂ ಹ್ಯಾಂಪ್‌ಶೈರೇ, ನಂದೂ ಸೆಪ್ಟೆಂಬರೇ. ಅಂಗಡಿ ಮಳಿಗೆಗಳು, 2.1 ಎಕರೆ. ಕಂಟ್ರಾಕ್ಟರ್ ಎನ್‌ಒಐ (ಪರ್ಮಿಟ್ ಅಡಿ ಬರೋಕೆ ಮೊದಲೇ ಕೊಡೋ ಅರ್ಜಿ) ಹಾಕಿದ, ಮುಗೀತು ಅಂದುಕೊಂಡೆ. ನಕ್ಷೆ ಬದಲಾಯಿಸೋ ಅಧಿಕಾರ ನನ್ನ ಕೈಲಿದ್ದ ಮೇಲೆ ನಾನೂ ಆಪರೇಟರೇ (ಪರ್ಮಿಟ್ ಪ್ರಕಾರ ಸೈಟಿನ ಹೊಣೆಗಾರ), ನಂದೂ ಬೇರೆ ಎನ್‌ಒಐ ಬೇಕು ಅಂತ ವಕೀಲರು ಹೇಳಿದಾಗ ಎಕ್ಸ್‌ಕವೇಟರ್ ಬಂದು ನಿಂತಿತ್ತು. ಹಾಕಿ 14 ದಿನ ಕಾದೆ. ಬಾಡಿಗೆ ದಿನಕ್ಕೆ 900 ಡಾಲರ್. ನಿಂತ ಯಂತ್ರಕ್ಕೆ 12,600 ಕೊಟ್ಟೆ.

ಆಮೇಲೆ ಹುಲ್ಲು. ಮರುವರ್ಷ ಅಕ್ಟೋಬರ್ ಕೊನೆಗೆ ಕಟ್ಟಡ ಮುಗೀತು, ಬೀಜ ಹಾಕಿಸಿದೆ. ಒಂದೂ ಮೊಳೀಲಿಲ್ಲ, ನೆಲ ಹೆಪ್ಪುಗಟ್ಟಿತು. ಸುತ್ತಲ ಸಹಜ ಹಸಿರಿನ 70 ಪರ್ಸೆಂಟಿನಷ್ಟು ಬರದೆ ಪರ್ಮಿಟ್ ಮುಚ್ಚೋ ಹಾಗಿಲ್ಲ. ಏಪ್ರಿಲ್‌ನಲ್ಲಿ ಹಿಮ ಕರಗಿ, ಹಾಸಿದ ಒಣಹುಲ್ಲು ಸಮೇತ ಮೇಲ್ಮಣ್ಣು ಜಾರಿ ಸಿಲ್ಟ್ ಫೆನ್ಸಿಗೆ (ಹರಿಯೋ ಮಣ್ಣು ತಡೆಯೋ ಬಟ್ಟೆಯ ಬೇಲಿ) ಬಂದು ಕೂತಿತು. ಮತ್ತೆ ಹೈಡ್ರೋಸೀಡ್ (ಬೀಜ ಕಲಸಿದ ನೀರು ಸಿಂಪಡಿಸೋದು), 4,300. ಮುಚ್ಚೋ ಅರ್ಜಿ ಫೋಟೋ ಸಮೇತ ಹಾಕಿದ್ದು ಜೂನ್ 19ಕ್ಕೆ. ಅಲ್ಲಿವರೆಗೂ ಇನ್‌ಸ್ಪೆಕ್ಷನ್‌ಗೆ ಬಂದೋರಿಗೆ ಒಂದೊಂದು ಸಲಕ್ಕೂ 175.

ಡಲ್ಲಾಸ್‌ನವರು:
ಇಷ್ಟ್ಯಾಕ ತಲಿ ಕೆಡಿಸ್ಕೋತೀರಿ ಸರ್? ನಾ 4 ಎಕರೆದಾಗ ಕಟ್ಟೇನಿ, ಎನ್‌ಒಐನ ಹಾಕಿಲ್ಲ. 5 ಎಕರೆ ಒಳಗಿದ್ರ ಸಹಿ ಮಾಡಿದ ನೋಟಿಸ್ ಸೈಟಿನಾಗ ಹಚ್ಚೂದು, ಊರ ಚರಂಡಿ ನೋಡ್ಕೊಳ್ಳೋ ಆಫೀಸಿಗೆ ಒಂದು ಪ್ರತಿ ಕೊಡೂದು, ಆತು. ಸ್ವಿಪ್ ಬೇಕಾ ಬೇಕು, ಅದನ್ನ ನಾನ ಕುಂತು ಬರದೇನಿ. 11 ರಾತ್ರಿ ಹಿಡೀತು. ಎಂಜಿನಿಯರ್ 3,500 ಕೇಳಿದ್ದ. ನನ್ನ ಸೈಟಿನ ನೀರು ಯಾವ ಮೂಲಿಂದ ಯಾವ ಮೂಲಿಗೆ ಹೊಕ್ಕೈತಿ ಅನ್ನೂದು ನನಗ ಗೊತ್ತಿರ್ತದ, ಆಫೀಸಿನಾಗ ಕುಂತಾಂವಗ ಏನ್ ಗೊತ್ತು?

ನ್ಯಾಶುವಾದವರು:
ರೀ, ಅದು ಟೆಕ್ಸಾಸ್ ರಾಜ್ಯದ ಪರ್ಮಿಟ್. ಇಲ್ಲಿ ಎನ್‌ಒಐ ಹಾಕಿ 14 ದಿನ ಕಳೆಯದೆ ಮಣ್ಣು ಮುಟ್ಟೋ ಹಾಗಿಲ್ಲ. ನೋಟಿಸ್ ಹಚ್ಚಿದರೆ ಸಾಕು ಅಂತ ಇವರು ನಂಬಿಬಿಟ್ಟರೆ ದಂಡ ಕಟ್ಟೋದು ನೀವಾ?

ಡಲ್ಲಾಸ್‌ನವರು:
ಅವರು ಸ್ವಿಪ್ ಕೇಳ್ಯಾರ, ಸ್ವಿಪ್ ಹೇಳೇನಿ. ನಿಂತ ಯಂತ್ರಕ್ಕ 12,600 ಕೊಟ್ಟವರು ನನಗ ಬುದ್ಧಿ ಹೇಳಾಕ ಬರಬ್ಯಾಡ್ರಿ.

ಆಲ್ಬುಕರ್ಕಿಯವರು:
ಜಗಳ ಆಮೇಲೆ ಮಾಡಿ ಮಾರಾಯ್ರೇ. ನ್ಯೂ ಮೆಕ್ಸಿಕೋದಲ್ಲಿ ನಮಗೂ ಇಪಿಎ ಪರ್ಮಿಟ್ಟೇ. 5 ಎಕರೆಗಿಂತ ಕಡಿಮೆ ಇದ್ದು, ಕೆಲಸ ನಡೆಯುವ ತಿಂಗಳುಗಳಿಗೆ ಆರ್ ಫ್ಯಾಕ್ಟರ್ (ಮಳೆ ಮಣ್ಣು ಕೊಚ್ಚುವ ಬಲದ ಲೆಕ್ಕ) 5ರ ಕೆಳಗೆ ಬಂದರೆ ವಿನಾಯಿತಿ ಉಂಟು. ನಮ್ಮ ಕ್ಲಿನಿಕ್ 1.8 ಎಕರೆ. ಫೆಬ್ರವರಿಯಿಂದ ಮೇ ಅಂತ ತೋರಿಸಿ ತೆಗೆದುಕೊಂಡೆವು. ಸ್ವಿಪ್ ಇಲ್ಲ, ಇನ್‌ಸ್ಪೆಕ್ಷನ್ ಇಲ್ಲ. ಆದರೆ ಕಬ್ಬಿಣ 5 ವಾರ ತಡ ಆಯ್ತು, ಕೆಲಸ ಜುಲೈಗೆ ಹೋಯ್ತು. ಜುಲೈ ಅಂದರೆ ಇಲ್ಲಿ ಮಾನ್ಸೂನ್. ಲೆಕ್ಕ 5 ದಾಟಿತು, ವಿನಾಯಿತಿ ಹೋಯ್ತು. 6 ದಿನದಲ್ಲಿ ಸ್ವಿಪ್ ಬರೆಸಲಿಕ್ಕೆ 5,200, ಮೇಲೆ 14 ದಿನ ಕೆಲಸ ಬಂದ್. ಮತ್ತೆ ಶುರುವಾದ 3ನೇ ಸಂಜೆ ಮಳೆ. ಕಾಂಕ್ರೀಟ್ ಲಾರಿ ತೊಳೆಯುವ ಗುಂಡಿಗೆ ಪ್ಲಾಸ್ಟಿಕ್ ಹಾಸಿದ್ದರು, ಅಂಚು ಏರಿಸಿರಲಿಲ್ಲ. ಸುಣ್ಣದಂಥ ನೀರು ರಸ್ತೆಯ ಚರಂಡಿವರೆಗೆ ಹರಿಯಿತು. ನಾನೇ ಮರಳಿನ ಚೀಲ ಹೊತ್ತಿದ್ದೇನೆ. ಆದರೂ ಮುಂದಿನ ಸಲ ಮೊದಲು ನೋಡುವುದು ವಿನಾಯಿತಿಯನ್ನೇ, ಎರಡು ತಿಂಗಳು ಹೆಚ್ಚಿಗೆ ಹಿಡಿದು.

ನ್ಯಾಶುವಾದವರು:
ಮೇಡಂ, ಸೆಪ್ಟೆಂಬರ್‌ನಲ್ಲಿ ಶುರು ಮಾಡೋರಿಗೆ ಈ ಕಡೆ ಮಳೆಗೆ ಆ ಲೆಕ್ಕ ಕೂಡಿಬರಲ್ಲ.

ವೂಸ್ಟರ್‌ನವರು:
7 ದಿನವೋ 14 ದಿನವೋ ಅಂತ ಕೇಳಿದ್ದಕ್ಕೆ ಯಾರೂ ಬಾಯೇ ಬಿಡಲಿಲ್ಲವಲ್ಲ! ಮ್ಯಾಸಚೂಸೆಟ್ಸ್‌ನಲ್ಲೂ ಇಪಿಎನೇ, ನಾನು ಸೈಟ್ ಸೂಪರ್‌ವೈಸರ್. 14 ಅಂದರೆ ಬರೀ 14 ಅಲ್ಲ, ಕಾಲಿಂಚು ಮಳೆ ಬಿದ್ದಾಗಲೆಲ್ಲ 24 ಗಂಟೆಯೊಳಗೆ ಹೋಗಿ ನೋಡಬೇಕು. ಆಸೆಪಟ್ಟು ಅದನ್ನೇ ಆರಿಸಿದೆ. ಒಂದೇ ಅಕ್ಟೋಬರ್‌ನಲ್ಲಿ 7 ಸಲ ಹೋದೆ. ಮಗಳ ಹುಟ್ಟುಹಬ್ಬದ ದಿನವೂ ಕೆಸರಲ್ಲಿ ನಿಂತು ಮಳೆಮಾಪಕ ಬರೆದುಕೊಂಡಿದ್ದೇನೆ. 7 ದಿನದ್ದು ಹಿಡೀರಿ. ಅಂದಹಾಗೆ ನ್ಯಾಶುವಾದವರೇ, ಫೆನ್ಸಿಗೆ ಕೂತ ಮಣ್ಣನ್ನ ಅರ್ಧ ಎತ್ತರಕ್ಕೆ ಬರೋ ಮುಂಚೆ ತೆಗೆಸಿದ್ರಾ?

ನ್ಯಾಶುವಾದವರು:
ತೆಗೆಸಿದೆ. ಎರಡು ಲೋಡ್, 640 ಡಾಲರ್. ರಸೀದಿ ಇದೆ.

ಡಲ್ಲಾಸ್‌ನವರು:
ಫೆನ್ಸಿಗೆ ಹಾಕೂ ರೊಕ್ಕ ನೀರಿಗೆ ಹಾಕಿದಂಗ. ನಾ ಒಣಹುಲ್ಲಿನ ಉದ್ದ ಸುರುಳಿ ಇಟ್ಟೇನಿ, ಒಂದು ಹಿಡಿ ಮಣ್ಣೂ ದಾಟಿಲ್ಲ.

ವೂಸ್ಟರ್‌ನವರು:
ನಿಮ್ಮ ಸೈಟ್ ಸಮತಟ್ಟು ಇರಬೇಕು. ಫೆನ್ಸಿನ ಬುಡ ಹೂಳದೆ ಬರೀ ಗೂಟ ಹೊಡೆದು ನಿಲ್ಲಿಸಿದ್ದನ್ನ ನೋಡಿ ಫೆನ್ಸನ್ನೇ ಬೈಬೇಡಿ. ನನ್ನ ಇಳಿಜಾರಿನಲ್ಲಿ ಕಾಲುವೆ ತೆಗೆದು ಬುಡ ಹೂತು ಮಣ್ಣು ದಮ್ಮಸ್ಸು ಮಾಡಿದ್ದು ನಾನೇ. ಎರಡು ಚಳಿಗಾಲ ಕಳೆದಿದೆ, ಇನ್ನೂ ನಿಂತಿದೆ. ಬೇಕಾದರೆ ಫೋಟೋ ಹಾಕ್ತೀನಿ.