ಪದಚರ್ಚೆ: ಪಿಯಾನೋ ಪೆಡಲಿನ ‘ಸಡಿಲ’ಕ್ಕೆ ಬೇರೆ ಮಾತು ಬೇಕು

ಮಾನ್ಯರೇ,

ಮೈಸೂರಿನ ಮನೆಯೊಂದರಲ್ಲಿರುವ ಹಳೆಯ ಗ್ರ್ಯಾಂಡ್ ಪಿಯಾನೋದ ಆರೈಕೆಯಲ್ಲಿ ಕೆಲವು ವರ್ಷಗಳಿಂದ ಕೈಜೋಡಿಸಿದ್ದೇನೆ. ಮರಗೆಲಸ ಬಲ್ಲ ಯುವಕರೊಬ್ಬರು ಈಗ ಈ ಕೆಲಸ ಕಲಿಯುತ್ತಿದ್ದಾರೆ. ಅವರಿಗೆ ಕನ್ನಡದಲ್ಲಿ ಟಿಪ್ಪಣಿ ಬರೆದುಕೊಟ್ಟಾಗ ಒಂದೇ ಒಂದು ಪದ ವಾದ್ಯವನ್ನು ಕೆಡಿಸಿತು. ಅದನ್ನೇ ಇಲ್ಲಿ ಚರ್ಚೆಗೆ ಇಡುತ್ತಿದ್ದೇನೆ.

ತಂತಿಗಳ ಮೇಲೆ ಕುಳಿತು ನಾದವನ್ನು ತಡೆಯುವ, ಫೆಲ್ಟ್ (ಒತ್ತಿ ಮಾಡಿದ ದಪ್ಪ ಉಣ್ಣೆಬಟ್ಟೆ) ಅಂಟಿಸಿದ ಮರದ ತುಂಡುಗಳೇ ಡ್ಯಾಂಪರ್‌ಗಳು. ಬಲಗಡೆಯ ಪೆಡಲನ್ನು ಅದುಮಿದರೆ ಅವೆಲ್ಲ ಒಟ್ಟಿಗೆ ಮೇಲೇಳುತ್ತವೆ. ಕಾಲಿನ ಒತ್ತಡ ಅಲ್ಲಿಗೆ ನೇರವಾಗಿ ತಲುಪುವುದಿಲ್ಲ. ಪೆಡಲಿನಿಂದ ಒಂದು ನೆಟ್ಟನೆಯ ಸರಳು, ಸರಳಿನ ಮೇಲೆ ಪಿಯಾನೋದ ಅಡಿಯ ಸನ್ನೆಗೋಲು, ಸನ್ನೆಗೋಲಿನ ಮೇಲೆ ಪುಟ್ಟ ಮರದ ಗೂಟ, ಗೂಟದ ಮೇಲೆ ಡ್ಯಾಂಪರ್‌ಗಳನ್ನು ಎತ್ತುವ ಪಟ್ಟಿ. ಒಂದಕ್ಕೊಂದು ತಾಗುವ ಕಡೆಯಲ್ಲೆಲ್ಲ ಚರ್ಮವೋ ಫೆಲ್ಟೋ ಇರುತ್ತದೆ. ದಶಕಗಳ ಕಾಲ ಒತ್ತಡ ಬಿದ್ದು ಅವು ಚಪ್ಪಟೆಯಾಗುತ್ತವೆ. ಆಗ ಪೆಡಲ್ ಬೆರಳಗಲ ಇಳಿದರೂ ಮೇಲೆ ಏನೂ ಕದಲುವುದಿಲ್ಲ. ನಾನು ಬರೆದದ್ದು ಇಷ್ಟೇ: ‘ಪೆಡಲಿನ ಸಡಿಲ ತೆಗೆಯಿರಿ.’

ಅವರು ಅಕ್ಷರಶಃ ತೆಗೆದರು. ಮರುದಿನ ಮಧ್ಯ ಸಪ್ತಕದ ಒಂದು ಮನೆಯನ್ನು (ಬೆರಳಿನಿಂದ ನುಡಿಸುವ ಪಟ್ಟಿಯನ್ನು) ಒತ್ತಿ ಬೆರಳೆತ್ತಿದೆ. ನಾದ ನಿಲ್ಲಲಿಲ್ಲ, ಗುಂಯ್ ಎಂದು ಎಳೆಯುತ್ತಲೇ ಇತ್ತು. ಟಾರ್ಚ್ ಹಿಡಿದು ನೋಡಿದರೆ ಡ್ಯಾಂಪರ್‌ಗಳು ಕೂದಲೆಳೆಯಷ್ಟು ಮೇಲೆದ್ದು, ತಂತಿಯನ್ನು ಮುಟ್ಟಿಯೂ ಮುಟ್ಟದಂತೆ ನಿಂತಿದ್ದವು. ಸರಳಿನ ನಟ್ಟನ್ನು ಎಷ್ಟು ಬಿಗಿಸಿದ್ದರೆಂದರೆ, ಕಾಲಿಡುವ ಮೊದಲೇ ಪೆಡಲ್ ಅದುಮಿದಂತಾಗಿತ್ತು. ನಟ್ಟನ್ನು ಹಿಂದಕ್ಕೆ ತಿರುಗಿಸಿ, ಪೆಡಲಿನ ತುದಿಯಲ್ಲಿ 4 ಮಿಲಿಮೀಟರ್ ಬಿಟ್ಟ ಮೇಲೆಯೇ ಡ್ಯಾಂಪರ್‌ಗಳು ಮತ್ತೆ ತಂತಿಯ ಮೇಲೆ ಕುಳಿತವು. ಸುಮಾರು 3ರಿಂದ 6 ಮಿಲಿಮೀಟರಿನಷ್ಟು ಬರಿಯ ಚಲನೆ ಅಲ್ಲಿ ಇರಲೇಬೇಕು. ಹೆಚ್ಚಾದರೆ ಮಾತ್ರ ದೋಷ.

ಆ ಯುವಕರದು ಏನೂ ತಪ್ಪಿಲ್ಲ. ಕನ್ನಡದಲ್ಲಿ ‘ಸಡಿಲ’ ಎಂದೊಡನೆ ಕೈ ಬಿಗಿ ಮಾಡಲು ಹೊರಡುತ್ತದೆ. ಗಂಟು ಸಡಿಲ, ತಿರುಪು ಸಡಿಲ, ವೀಣೆಯ ಬಿರಡೆ ಸಡಿಲ: ಎಲ್ಲವೂ ಸರಿಪಡಿಸಬೇಕಾದವೇ. ಬೇಕಾದಷ್ಟು ಇರಲಿ, ಮಿಕ್ಕಿದ್ದು ಹೋಗಲಿ ಎನ್ನಲು ಆ ಪದ ಒಗ್ಗುವುದಿಲ್ಲ.

‘ತೆರಪು’ ನನಗೆ ಇಷ್ಟವಾದ ಪದ. ಆದರೆ ಅದು ಜಾಗವನ್ನು ಹೇಳುತ್ತದೆ, ಚಲನೆಯನ್ನಲ್ಲ. ‘ವ್ಯರ್ಥ ಚಲನೆ’ ಎಂಬುದು ಪಠ್ಯಪುಸ್ತಕದ ಮಾತು, ಅಲ್ಲದೆ ಅದು ವ್ಯರ್ಥವೂ ಅಲ್ಲ. ಗ್ಯಾರೇಜುಗಳಲ್ಲಿ ಕ್ಲಚ್ಚಿಗೆ ‘ಪ್ಲೇ’ ಬಿಡುತ್ತಾರೆ. ನನ್ನ ಒಲವು ‘ಆಟ’ದ ಕಡೆಗೆ. ಇದು ಇಂಗ್ಲಿಷಿನ ನೆರಳು ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ‘ಆಡು’ ಎಂಬ ಕ್ರಿಯಾಪದಕ್ಕೆ ಅಲುಗುವ ಅರ್ಥ ನಮ್ಮದೇ. ಹಲ್ಲು ಆಡುತ್ತದೆ, ತಲೆಯಾಡಿಸುತ್ತೇವೆ, ಗಾಳಿಯಾಡಲು ಕಿಟಕಿ ತೆರೆಯುತ್ತೇವೆ. ಮೊದಲನೆಯದು ದೋಷ, ಕೊನೆಯದು ಅಗತ್ಯ. ಎರಡನ್ನೂ ಒಂದೇ ಕ್ರಿಯಾಪದ ಹೊರುತ್ತದೆ. ‘ಪೆಡಲಿಗೆ 4 ಮಿಲಿಮೀಟರ್ ಆಟ ಬಿಡಿ’ ಎಂದು ತಿದ್ದಿ ಬರೆದಾಗ ಅವರು ಮರುಪ್ರಶ್ನೆ ಕೇಳಲಿಲ್ಲ.

ಇನ್ನೊಂದು, ಪೆಡಲನ್ನು ತುಳಿಯುವುದೇ, ಒತ್ತುವುದೇ, ಅದುಮುವುದೇ? ಸೈಕಲ್ ತುಳಿಯುತ್ತೇವೆ, ಸರಿ. ಆದರೆ ಪಿಯಾನೋದಲ್ಲಿ ಹಿಮ್ಮಡಿ ನೆಲ ಬಿಡುವುದಿಲ್ಲ, ಪಾದದ ಮುಂಭಾಗವಷ್ಟೇ ಇಳಿಯುತ್ತದೆ, ಇಳಿದು ನಿಲ್ಲುತ್ತದೆ. ಅದಕ್ಕೆ ‘ಅದುಮು’ ಹೊಂದುತ್ತದೆ. ‘ಒತ್ತು’ ಬೆರಳಿಗೆ ಇರಲಿ.

ಮನೆಗಳ ಸಾಲನ್ನು ಪಕ್ಕಕ್ಕೆ ಸರಿಸುವ ಎಡಗಡೆಯ ಪೆಡಲಿಗೆ ‘ಏಕತಂತಿ’ ಎಂದು ಅನುವಾದಿಸುವುದನ್ನು ನಾನು ಒಪ್ಪುವುದಿಲ್ಲ. ಅದರ ಇಟಾಲಿಯನ್ ಹೆಸರು ‘ಉನಾ ಕೋರ್ಡಾ’ ಎಂದರೆ ಒಂದು ತಂತಿ ಎಂಬುದು ನಿಜ. ಪಿಯಾನೋವನ್ನು ಮೊದಲು ರೂಪಿಸಿದ ಇಟಲಿಯ ಕ್ರಿಸ್ಟೊಫೊರಿ 1720ರ ದಶಕದಲ್ಲಿ ಮಾಡಿದ ಪಿಯಾನೋಗಳಲ್ಲಿ ಸ್ವರಕ್ಕೆ ಎರಡೇ ತಂತಿ, ಮನೆಗಳ ಸಾಲನ್ನು ಸರಿಸಿದರೆ ಸುತ್ತಿಗೆ ಒಂದಕ್ಕೇ ಬಡಿಯುತ್ತಿತ್ತು. ಇಂದಿನ ಗ್ರ್ಯಾಂಡಿನಲ್ಲಿ ಬಹುತೇಕ ಸ್ವರಗಳಿಗೆ ಮೂರು ತಂತಿ, ಸರಿಸಿದರೂ ಎರಡಕ್ಕೆ ಪೆಟ್ಟು ಬೀಳುತ್ತದೆ. ‘ಸರಿಸುವ ಪೆಡಲ್’ ಎಂದರೆ ಸಾಕು.

ಇಳಕಲ್, ಗುಳೇದಗುಡ್ಡದ ಕಡೆಯವರು ಈ ಬಳಗದಲ್ಲಿದ್ದರೆ ಒಂದು ಕೋರಿಕೆ. ಗುಂಡಿಮಗ್ಗದಲ್ಲಿ ನೇಕಾರರು ಕಾಲಿನಿಂದ ಅದುಮುವ ಹಲಗೆಗೂ ಹಗ್ಗದ ಕಟ್ಟಿಗೂ ನಡುವೆ ಇಂಥದೇ ಬರಿಯ ಇಳಿತ ಕಂಡಾಗ ಮನೆಯ ಹಿರಿಯರು ಏನೆನ್ನುತ್ತಾರೆ? ಅವರು ಆಡುವ ವಾಕ್ಯವನ್ನು ಪೂರ್ತಿಯಾಗಿ ಬರೆದು ಕಳುಹಿಸಿ. ‘ಆಟ’ಕ್ಕಿಂತ ಒಳ್ಳೆಯ ಪದ ಅಲ್ಲಿ ಸಿಕ್ಕರೆ ಟಿಪ್ಪಣಿಯನ್ನು ಮತ್ತೊಮ್ಮೆ ತಿದ್ದುತ್ತೇನೆ.