ಫ್ರೋಜನ್ ಶೋಲ್ಡರ್: ಆಪರೇಷನ್ ಇಲ್ಲದೆ ವಾಸಿ ಆಗುತ್ತಾ?

ಅರಸೀಕೆರೆ ಗೃಹಿಣಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ 52 ವರ್ಷ, ಶುಗರ್ ಇದೆ, ಮಾತ್ರೆ ತಗೊಳ್ಳುತ್ತಿದ್ದೇನೆ. ಯುಗಾದಿ ಆದ ಮೇಲೆ ಎಡ ಭುಜದಲ್ಲಿ ಸಣ್ಣಗೆ ನೋವು ಶುರುವಾಯಿತು. ಬಿದ್ದಿಲ್ಲ, ಭಾರ ಎತ್ತಿಲ್ಲ. ಈಗ ಕೈ ಬೆನ್ನ ಹಿಂದಕ್ಕೆ ಹೋಗುವುದೇ ಇಲ್ಲ. ಜಡೆ ಹಾಕಲು ಮಗಳು ಬೇಕು, ಸೆರಗಿಗೆ ಪಿನ್ ಹಾಕುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತದೆ. ಆ ಮಗ್ಗುಲಿಗೆ ಹೊರಳಿದರೆ ರಾತ್ರಿ ನಿದ್ದೆ ಹೋಯಿತು ಅಂತಲೇ. ಎಕ್ಸ್‌ರೇಯಲ್ಲಿ ಏನೂ ಇಲ್ಲವಂತೆ. ಡಾಕ್ಟರು ಫ್ರೋಜನ್ ಶೋಲ್ಡರ್ ಅಂದರು, ಹೀಗೇ ಇದ್ದರೆ ಅರಿವಳಿಕೆ ಕೊಟ್ಟು ಕೈ ಬಿಡಿಸಬೇಕಾಗಬಹುದು ಅಂದರು. ನಮ್ಮ ಅತ್ತಿಗೆ ಉಳುಕು ತೆಗೆಯುವವರ ಹತ್ತಿರ ಹೋಗಿ ಒಂದು ಸಲ ಎಳೆಸಿಕೋ ಅಂತ ಹಟ ಹಿಡಿದಿದ್ದಾರೆ. ಏನು ಮಾಡಲಿ?

ಮೈಸೂರು ಫಿಸಿಯೋ:

ಅಕ್ಕ, ಮೊದಲು ಒಂದು ಮಾತು: ದಯವಿಟ್ಟು ಎಳೆಸಿಕೊಳ್ಳಬೇಡಿ. ಇದು ಉಳುಕಲ್ಲ. ಭುಜದ ಕೀಲಿನ ಸುತ್ತ ಒಂದು ತೆಳು ಚೀಲ ಇರುತ್ತದೆ. ಅದು ಒಳಗೊಳಗೇ ಉರಿಯೂತಕ್ಕೆ ಸಿಕ್ಕಿ, ದಪ್ಪವಾಗಿ, ಒಗೆದು ಕುಗ್ಗಿದ ರವಿಕೆ ತೋಳಿನ ಹಾಗೆ ಬಿಗಿಯಾಗುತ್ತದೆ. ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ, ಈ ಚೀಲ ಅಲ್ಲ. ಅದಕ್ಕೇ ರಿಪೋರ್ಟ್ ನಾರ್ಮಲ್ ಬರುತ್ತದೆ. ಅರಿವಳಿಕೆ ಇಲ್ಲದೆ ಯಾರೋ ಜೋರಾಗಿ ಜಗ್ಗಿದರೆ ಉರಿಯೂತ ಇನ್ನೂ ಕೆರಳುತ್ತದೆ, ಸ್ನಾಯು ಹರಿಯಬಹುದು, ವಯಸ್ಸಾದವರಲ್ಲಿ ಮೂಳೆಯೇ ಮುರಿಯಬಹುದು.

ಮನೆಯಲ್ಲೇ ಒಂದು ಸಲ ನೋಡಿ. ಎರಡೂ ಮೊಣಕೈ ಪಕ್ಕೆಗೆ ಒತ್ತಿಕೊಂಡು, ಮುಂಗೈಗಳನ್ನು ಬಾಗಿಲು ತೆಗೆಯುವ ಹಾಗೆ ಹೊರಗೆ ತಿರುಗಿಸಿ. ಎಡಗೈ ಅರ್ಧಕ್ಕೇ ನಿಲ್ಲುತ್ತದಾ? ಮಗಳು ಮೆತ್ತಗೆ ತಿರುಗಿಸಿದರೂ ಅಲ್ಲೇ ನಿಲ್ಲುತ್ತದಾ? ಹಾಗಿದ್ದರೆ ಡಾಕ್ಟರು ಹೇಳಿದ್ದು ಸರಿ ಇರುವ ಸಾಧ್ಯತೆಯೇ ಜಾಸ್ತಿ. ಬರೀ ಸ್ನಾಯು ಹರಿದಿದ್ದರೆ ಸಾಮಾನ್ಯವಾಗಿ ನಿಮ್ಮಿಂದ ಎತ್ತಲು ಆಗದಿದ್ದರೂ ಬೇರೆಯವರು ಎತ್ತಿದರೆ ಕೈ ಮೇಲೆ ಹೋಗುತ್ತದೆ.

ಇದು ನಿಧಾನದ ಕಾಯಿಲೆ. ಮೊದಲು ನೋವು ಏರುತ್ತದೆ, ಆಮೇಲೆ ನೋವು ಇಳಿದು ಬಿಗಿತ ಉಳಿಯುತ್ತದೆ, ಕೊನೆಗೆ ಮೆಲ್ಲಗೆ ಸಡಿಲ ಆಗುತ್ತದೆ. ಒಟ್ಟು 1ರಿಂದ 3 ವರ್ಷ ಹಿಡಿಯಬಹುದು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಹದಿನೈದು ದಿನಕ್ಕೆ ಗುಣ ಆಗಲಿಲ್ಲ ಅಂತ ಎಷ್ಟೋ ಜನ ವ್ಯಾಯಾಮ ಬಿಟ್ಟು ಕೂತುಬಿಡುತ್ತಾರೆ, ಅದನ್ನು ನೋಡಿದಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಶಿವಮೊಗ್ಗ ಟೀಚರ್:

ನನಗೂ ಬಲ ಭುಜಕ್ಕೆ ಬಂದಿತ್ತು. ಬೋರ್ಡಿನ ಮೇಲಿನ ಅರ್ಧಕ್ಕೆ ಬರೆಯಲು ಆಗುತ್ತಿರಲಿಲ್ಲ, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲು ಆಗುತ್ತಿರಲಿಲ್ಲ. ಆಪರೇಷನ್ ಇಲ್ಲದೆ ವಾಸಿ ಆಯಿತು, ಧೈರ್ಯವಾಗಿರಿ.

ನನಗೆ ಉಪಯೋಗ ಆಗಿದ್ದು ಹೇಳುತ್ತೇನೆ. ಸ್ನಾನ ಆದ ತಕ್ಷಣ, ಮೈ ಬಿಸಿ ಇರುವಾಗಲೇ ವ್ಯಾಯಾಮ. ಒಳ್ಳೆ ಕೈಯನ್ನು ಮೇಜಿನ ಮೇಲೆ ಊರಿ, ಮುಂದೆ ಬಗ್ಗಿ, ನೋವಿನ ಕೈಯನ್ನು ಸುಮ್ನೆ ಜೋತುಬಿಟ್ಟು ಸಣ್ಣ ಸುತ್ತು ತಿರುಗಿಸುವುದು. ಆಮೇಲೆ ಗೋಡೆ ಮೇಲೆ ಬೆರಳುಗಳನ್ನು ಒಂದೊಂದೇ ಹೆಜ್ಜೆ ಮೇಲಕ್ಕೆ ಹತ್ತಿಸುವುದು. ಎಲ್ಲಿವರೆಗೆ ಹೋಯಿತೋ ಅಲ್ಲಿ ಪೆನ್ಸಿಲ್ ಗೆರೆ ಹಾಕಿಡುತ್ತಿದ್ದೆ. ದಿನ ದಿನಕ್ಕೆ ಏನೂ ಗೊತ್ತಾಗುವುದಿಲ್ಲ, ತಿಂಗಳ ಮೇಲೆ ನೋಡಿದರೆ ಗೆರೆ ಮೇಲೆ ಹೋಗಿರುತ್ತದೆ. ಟವೆಲನ್ನು ಬೆನ್ನ ಹಿಂದೆ ಹಿಡಿದು ಒಳ್ಳೆ ಕೈಯಿಂದ ಮೇಲೆ ಎಳೆಯುವುದು ಮಾತ್ರ ಜೋರು ನೋವು ಇಳಿದ ಮೇಲೇ ಶುರುಮಾಡಿದ್ದು. ರಾತ್ರಿ ಅಂಗಾತ ಮಲಗಿ ಮೊಣಕೈ ಕೆಳಗೆ ಒಂದು ಚಿಕ್ಕ ದಿಂಬು ಇಟ್ಟುಕೊಳ್ಳಿ, ಭುಜ ಹಿಂದಕ್ಕೆ ಜಗ್ಗುವುದಿಲ್ಲ, ನಿದ್ದೆ ಬರುತ್ತದೆ.

ಹುಬ್ಬಳ್ಳಿ ಡಾಕ್ಟರ್:

ಮೇಡಂ, ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದಿದ್ದು ಶುಗರ್. ಸಕ್ಕರೆ ಕಾಯಿಲೆ ಇರುವವರಿಗೆ ಈ ತೊಂದರೆ ಬೇರೆಯವರಿಗಿಂತ ಎಷ್ಟೋ ಪಟ್ಟು ಜಾಸ್ತಿ, ಬಿಡುವುದೂ ತಡ. ಥೈರಾಯ್ಡ್ ಇದ್ದವರಿಗೂ ಬರುತ್ತದೆ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ಮತ್ತು ಟಿಎಸ್‌ಎಚ್ (ಥೈರಾಯ್ಡ್) ರಕ್ತಪರೀಕ್ಷೆ ಎರಡೂ ಮಾಡಿಸಿ.

ನೋವು ಜೋರಾಗಿರುವ ಈ ಹಂತದಲ್ಲಿ ಕೀಲಿನೊಳಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರೆ ಒಳ್ಳೆ ಉಪಯೋಗ ಆಗುತ್ತದೆ. ಅದರ ಪರಿಣಾಮ ಕೆಲವು ವಾರ, ತಿಂಗಳು ಇರುತ್ತದೆ, ಆ ಬಿಡುವಿನಲ್ಲಿ ವ್ಯಾಯಾಮ ಮಾಡಿ ಕೈ ಬಿಡಿಸಿಕೊಳ್ಳಬೇಕು. ಇಂಜೆಕ್ಷನ್ ತಗೊಂಡು ಸುಮ್ನೆ ಕೂತರೆ ಅರ್ಧ ಲಾಭ ಹೋಯಿತು.

ಆಪರೇಷನ್ ವಿಷಯ. ಬ್ರಿಟನ್ನಿನಲ್ಲಿ 503 ಜನರ ಮೇಲೆ ಒಂದು ದೊಡ್ಡ ಪ್ರಯೋಗ ನಡೆದು 2020ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅರಿವಳಿಕೆ ಕೊಟ್ಟು ಕೈ ಬಿಡಿಸುವುದು, ದುರ್ಬೀನು ಹಾಕಿ ಚೀಲ ಕತ್ತರಿಸುವುದು, ಇಂಜೆಕ್ಷನ್ ಜೊತೆ ಫಿಸಿಯೋ, ಈ ಮೂರನ್ನೂ ಹೋಲಿಸಿದರು. ಒಂದು ವರ್ಷದ ಹೊತ್ತಿಗೆ ಮೂರೂ ಗುಂಪಿನವರು ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ಸುಧಾರಿಸಿದ್ದರು. ಫಿಸಿಯೋ ಗುಂಪಿನ ಕೆಲವರಿಗೆ ಆಮೇಲೆ ಬೇರೆ ಚಿಕಿತ್ಸೆ ಬೇಕಾಯಿತು, ಅದನ್ನೂ ಹೇಳಬೇಕು. ಗಂಭೀರ ತೊಂದರೆ ಜಾಸ್ತಿ ಕಂಡಿದ್ದು ದುರ್ಬೀನು ಹಾಕಿ ಆಪರೇಷನ್ ಮಾಡಿದ ಗುಂಪಿನಲ್ಲಿ. ಹಾಗಾಗಿ ಮೊದಲು ಸಾದಾ ದಾರಿ ಹಿಡಿಯಿರಿ, ಆರು ತಿಂಗಳಾದರೂ ಏನೂ ಬದಲಾಗದಿದ್ದರೆ ಮತ್ತೆ ಡಾಕ್ಟರ ಹತ್ತಿರ ಮಾತಾಡಿ.

ಇನ್ನೊಂದು. ನೋವು ಎಡಗಡೆ, ಶುಗರ್ ಬೇರೆ ಇದೆ. ಕೈ ಆಡಿಸದೆ ಇದ್ದಾಗ, ಮೆಟ್ಟಿಲು ಹತ್ತುವಾಗ ನೋವು ಬಂದು ಎದೆ ಬಿಗಿದು ಬೆವರಿದರೆ ಅದು ಭುಜದ್ದಲ್ಲ, ತಕ್ಷಣ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.

ಅರಸೀಕೆರೆ ಗೃಹಿಣಿ:

ತುಂಬಾ ಧನ್ಯವಾದ. ಮಗಳು ಕೈ ತಿರುಗಿಸಿ ನೋಡಿದಳು, ಅರ್ಧಕ್ಕೇ ನಿಂತಿತು. ಡಾಕ್ಟ್ರೇ, ಸ್ಟೆರಾಯ್ಡ್ ಅಂದರೆ ಶುಗರ್ ಏರುತ್ತದೆ ಅಲ್ವಾ? ಮತ್ತೆ ವ್ಯಾಯಾಮ ಮಾಡುವಾಗ ಎಷ್ಟು ನೋವು ತಡೆದುಕೊಳ್ಳಬೇಕು?

ಹುಬ್ಬಳ್ಳಿ ಡಾಕ್ಟರ್:

ಏರುತ್ತದೆ, ಸಾಮಾನ್ಯವಾಗಿ ಕೆಲವು ದಿನ, ಆಮೇಲೆ ಇಳಿಯುತ್ತದೆ. ಇಂಜೆಕ್ಷನ್‌ಗೆ ಮೊದಲೇ ಶುಗರ್ ತೀರಾ ಜಾಸ್ತಿ ಇದ್ದರೆ ಹತೋಟಿಗೆ ತಂದು ಕೊಡುತ್ತಾರೆ. ಒಂದು ವಾರ ಮನೆಯಲ್ಲೇ ಚೆಕ್ ಮಾಡಿಕೊಳ್ಳಿ, ಮಾತ್ರೆ ನೀವಾಗಿ ಹೆಚ್ಚಿಸಬೇಡಿ.

ಮೈಸೂರು ಫಿಸಿಯೋ:

ಎಳೆದಂತಾಗುವವರೆಗೆ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ, ವಾಪಸ್ ಬನ್ನಿ. ಮುಗಿಸಿದ ಸ್ವಲ್ಪ ಹೊತ್ತಿಗೆ ನೋವು ಇಳಿದರೆ ಸರಿಯಾಗಿ ಮಾಡಿದ್ದೀರಿ. ರಾತ್ರಿಯವರೆಗೂ ಉಳಿದರೆ ಮಾರನೇ ದಿನ ಕಮ್ಮಿ ಮಾಡಿ. ಒಂದೇ ಸಲ ಒಂದು ಗಂಟೆ ಮಾಡುವುದಕ್ಕಿಂತ ದಿನಕ್ಕೆ ಮೂರ್ನಾಲ್ಕು ಸಲ ಐದು ನಿಮಿಷ ಒಳ್ಳೆಯದು. ಮತ್ತೆ ಕೈಯನ್ನು ಜೋಳಿಗೆಯಲ್ಲಿ ಕಟ್ಟಿಡಬೇಡಿ. ತಟ್ಟೆ ಎತ್ತಿಡುವುದು, ಬಟ್ಟೆ ಮಡಿಸುವುದು, ಸೊಂಟದ ಮಟ್ಟದ ಕೆಲಸ ಎಲ್ಲಾ ಆ ಕೈಯಲ್ಲೇ ಮಾಡಿ.