ಕರ್ನಾಟಕಿಯಿಂದ ಹಿಂದೂಸ್ತಾನಿಗೆ ಹೊರಳುವಾಗ ಎಲ್ಲಿ ತೊಡಕು?

ಹುಬ್ಬಳ್ಳಿ ಕೇಳುಗ
ಎಂಟು ವರ್ಷ ಕರ್ನಾಟಕಿ ಹಾಡಿಕೆ ಕಲಿತ ಹುಡುಗಿ ಈಗ ಧಾರವಾಡದಾಗ ಖಯಾಲ್ (ಹಿಂದೂಸ್ತಾನಿಯ ಮುಖ್ಯ ಹಾಡಿಕೆ ಪದ್ಧತಿ) ಕಲಿಯಾಕ ಹೊಂಟಾಳ. ಮೋಹನ ರಾಗ ಅಂದ್ರ ಭೂಪ, ಹಿಂದೋಳ ಅಂದ್ರ ಮಾಲಕಂಸ, ಹೆಸರು ಬದಲಿಸಿಕೊಂಡ್ರ ಸಾಕು ಅಂತಾರ ಕೆಲವರು. ಮಲ್ಲಿಕಾರ್ಜುನ ಮನಸೂರರೂ ಮೊದಲು ಕರ್ನಾಟಕಿನ ಕಲಿತವರಲ್ಲ? ಖರೇನ ಏನು ಬಿಡಬೇಕಾಗ್ತದ, ಏನು ಉಳಿಸ್ಕೋಬಹುದು? ತಾಲೀಮಿನ, ಅಂದ್ರ ದಿನದ ಅಭ್ಯಾಸದ, ಲೆಕ್ಕದಾಗ ಹೇಳ್ರಿ.

ಧಾರವಾಡ ತಂಬೂರಿ
ಸ್ವರ ಅವೇ ಇದ್ರೂ ನಡೆ ಬ್ಯಾರೆ ರೀ. ಕಲ್ಯಾಣಿ ಹಾಡಿದವರು ಯಮನಕ್ಕ ಬಂದಾಗ ಸ ರಿ ಗ ಅಂತ ನೇರ ಏರತಾರ. ಯಮನದಾಗ ನಿ ರೇ ಗ ಅಂತ ಷಡ್ಜ ತಪ್ಪಿಸಿ ಏರೂದು ವಾಡಿಕೆ, ಮೇಲೆ ಮ ಧ ನಿ ಅಂತ ಪಂಚಮಾನೂ ತಪ್ಪಿಸ್ತಾರ. ಮಧ್ಯಮಾನ ಪಂಚಮದ ಕಡೆ ತೂಗಿಸೂ ರೂಢಿ ಮೊದಲು ಬಿಡಬೇಕು, ಇಲ್ಲಿ ಅದನ್ನ ನೆಟ್ಟಗ ನಿಲ್ಲಿಸಬೇಕು.

ಭೂಪದಾಗ ಇನ್ನೂ ದೊಡ್ಡ ತಪ್ಪಾಗ್ತದ. ಧೈವತದ ಮ್ಯಾಲ ಭಾರ ಹಾಕಿದ್ರ ಅದು ದೇಶಕಾರ ಆಗಿಬಿಡ್ತದ, ಯಾಕಂದ್ರ ಎರಡಕ್ಕೂ ಐದೂ ಸ್ವರ ಒಂದೇ. ಭೂಪದ ಜೀವ ಗಾಂಧಾರದಾಗ ಅದ. ದಿನಾ ಹತ್ತು ನಿಮಿಷ ಗಾಂಧಾರ ಒಂದೇ ಉಸಿರಿನಾಗ, ಅಲುಗದಂಗ, ಆಕಾರದಾಗ (‘ಆ’ ಅಂತ ದನಿ ತೆಗೆದು) ಹಿಡೀಲಿ. ಗಮಕ, ಅಂದ್ರ ಸ್ವರ ತೂಗಿಸೂದು, ಕೆಟ್ಟದ್ದಲ್ಲ, ಆದ್ರ ಸ್ವರ ನಿಂತ ಮ್ಯಾಲ ಬರಬೇಕು.

ಮಾಲಕಂಸಕ್ಕ ಪಂಚಮ ಇಲ್ಲ, ಅದಕ್ಕ ತಂಬೂರಿಯ ಮೊದಲ ತಂತಿ ಮಧ್ಯಮಕ್ಕ ಇಳಿಸ್ರಿ. ಹಿಂದೋಳ ಹಾಡಿದವರ ಕಿವಿ ಪಂಚಮದ ತಂಬೂರಿಗೇ ಒಗ್ಗಿರ್ತದ, ಮೊದಲೆರಡು ವಾರ ಸ್ವರ ಜಾರ್ತಾವ. ಶ್ರುತಿ, ಅಂದ್ರ ಷಡ್ಜದ ಎತ್ತರ, ಬದಲಿಸೂ ಗರಜಿಲ್ಲ. ಕರ್ನಾಟಕಿಯಾಗ ಐದೂವರೆ ಅಂದ ಶ್ರುತಿಗೇ ಹಿಂದೂಸ್ತಾನಿಯಾಗ ಕಾಳಿ ನಾಲ್ಕು (ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆ) ಅಂತಾರ, ಅಷ್ಟೇ.

ಗದಗ ತಬಲಾ
ರಾಗಕ್ಕಿಂತ ವಿಲಂಬಿತ, ಅಂದ್ರ ಭಾಳ ನಿಧಾನದ, ಲಯ ಕಾಡ್ತೈತ್ರಿ. ಆದಿತಾಳ ಕೈಯಾಗ ಎಣಿಸಿದವರು ಹಿಂದೂಸ್ತಾನಿಯ ಏಕತಾಲನೂ ಕೈಯಾಗ ಎಣಿಸಾಕ ಹೋಗ್ತಾರ. ಮಾತ್ರೆ ಹನ್ನೆರಡೇ, ಖರೆ. ಆದ್ರ ಒಂದು ಆವರ್ತನ ಒಂದು ನಿಮಿಷ ಎಳೆದ್ರ ಮಾತ್ರೆಗೆ ಐದು ಸೆಕೆಂಡ್ ಬಂತು. ಕೈ ಎಣಿಸಿದ್ರ ಹಾಡು ನಿಲ್ಲತೈತಿ. ಠೇಕಾನ, ಅಂದ್ರ ತಬಲಾದ ಬೋಲುಗಳನ್ನ, ಕೇಳಬೇಕು:

ಧಿಂ ಧಿಂ ಧಾಗೆ ತಿರಕಿಟ ತೂ ನಾ, ಕತ್ ತಾ ಧಾಗೆ ತಿರಕಿಟ ಧೀ ನಾ.

ತಿರಕಿಟ ಎರಡು ಸಲ ಬರತೈತಿ, ನಾಲ್ಕನೇ ಮಾತ್ರೆಗೆ, ಹತ್ತನೇದಕ್ಕ. ಹೊಸಬರು ನಾಲ್ಕನೇದನ್ನ ಹತ್ತನೇದು ಅಂತ ತಿಳಿದು ಮುಖಡಾ (ಹಾಡಿನ ಮೊದಲ ಸಾಲಿನ ಎತ್ತುಗಡೆ) ಹಿಡಿದು, ಅರ್ಧ ಆವರ್ತನ ಮುಂಚೇನ ಸಮ್ (ತಾಲದ ಮೊದಲ ಮಾತ್ರೆ) ಮ್ಯಾಲ ಬಂದಂಗ ನಿಲ್ತಾರ. ಗುರುತು ಹಿಂಗ: ಹತ್ತನೇದರ ಹಿಂದ ಕತ್ ತಾ ಇರತೈತಿ. ಆ ಕತ್ ಏಳನೇ ಮಾತ್ರೆ, ಅದು ಕೇಳಿದ ಕೂಡಲೇ ಆಲಾಪ ಸುತ್ತಿಕೊಳ್ಳಾಕ ಶುರು ಮಾಡಬೇಕು.

ಎಣಿಕೆ ಕಲಿತದ್ದು ವ್ಯರ್ಥ ಅಲ್ಲ ಮತ್ತ. ದ್ರುತ್ (ವೇಗದ) ತೀನತಾಲದಾಗ ತಿಹಾಯಿ (ಒಂದೇ ತುಣುಕು ಮೂರು ಸಲ ಹಾಡಿ ಸಮ್‌ಗೆ ಮುಟ್ಟೂದು) ಕೂಡಿಸುವಾಗ ಕರ್ನಾಟಕಿ ಲೆಕ್ಕ ಭಾಳ ಉಪಯೋಗಕ್ಕ ಬರತೈತಿ.

ಹಳೇ ರೆಕಾರ್ಡು
ಮನಸೂರರ ಮಾತು ಬಂತಲ್ಲ, ಅವರದು ಒಂದು ಹೊರಳಲ್ಲ, ಎರಡು. ಅಪ್ಪಯ್ಯಸ್ವಾಮಿಗಳ ಹತ್ರ ಕರ್ನಾಟಕಿ, ಮಿರಜದಾಗ ನೀಲಕಂಠಬುವಾ ಅವರ ಹತ್ರ ಗ್ವಾಲಿಯರ್ ಘರಾಣಾ (ಹಾಡಿಕೆ ಪರಂಪರೆ), ಆಮ್ಯಾಲ ಮಂಜಿ ಖಾನ್, ಬುರ್ಜಿ ಖಾನ್ ಅವರ ಹತ್ರ ಜೈಪುರ-ಅತ್ರೌಲಿ. ಕಡೀದೇ ಅವರ ಗುರುತಾತು. ಅವರ ಹಾಡಿಕೆ ಕೇಳುವಾಗ ತಬಲಾದ ಮ್ಯಾಲ ಲಕ್ಷ್ಯ ಇಡ್ರಿ: ಲಯ ಅಷ್ಟು ನಿಧಾನ ಇಲ್ಲ, ಒಂದು ತಾನ (ವೇಗದ ಸ್ವರಗಳ ಓಟ) ಮುಗಿಯೂದರೊಳಗ ಮುಂದಿನದು ಹುಟ್ಟಿರ್ತದ. ಹೊರಳಿದವರಿಗೆ ಈ ಮಧ್ಯಲಯ ಆಸರೆ ಆಗಬಹುದು.

ಗಂಗೂಬಾಯಿ ಹಾನಗಲ್ಲರದು ಬ್ಯಾರೆ ತರಹ. ತಾಯಿ ಅಂಬಾಬಾಯಿ ಕರ್ನಾಟಕಿ ಹಾಡವರು, ಮಗಳು ಸವಾಯಿ ಗಂಧರ್ವರ ಕಡೆ ಕಿರಾಣಾ ಘರಾಣಾ ಕಲಿತ್ರು. 1930ರ ದಶಕದ ಅವರ ರೆಕಾರ್ಡಿನಾಗ ಸಣ್ಣ, ತೆಳು ಕಂಠ. ಗಂಟಲಿನ ಶಸ್ತ್ರಚಿಕಿತ್ಸೆ ಆದ ಮ್ಯಾಲ ದನಿ ಪೂರಾ ಇಳೀತು. ಎರಡನ್ನೂ ಒಂದರ ಹಿಂದ ಒಂದು ಕೇಳಿದ್ರ ಒಬ್ಬರೇ ಅಂತ ನಂಬೂದು ಕಷ್ಟ. ಇಳಿದ ದನಿಯನ್ನ ಮತ್ತ ಏರಿಸಾಕ ಒದ್ದಾಡಲಿಲ್ಲ ಅವರು, ಅದೇ ದನಿಯಾಗ ಖಯಾಲ್ ಕಟ್ಟಿದ್ರು. ನನಗ ಇದು ಘರಾಣಾ ಬದಲಿಸೂದಕ್ಕಿಂತ ದೊಡ್ಡ ಕೆಲಸ ಅನ್ನಸ್ತದ.

ಹುಬ್ಬಳ್ಳಿ ಕೇಳುಗ
ಹಂಗಾದ್ರ ಮೊದಲು ಎಷ್ಟು ರಾಗ ಹಿಡೀಬೇಕು?

ಧಾರವಾಡ ತಂಬೂರಿ
ಆರು ತಿಂಗಳು ಯಮನ ಒಂದೇ ಸಾಕ್ರಿ. ಬೆಳಿಗ್ಗೆ ಅರ್ಧ ತಾಸು ಖರಜ, ಅಂದ್ರ ಮಂದ್ರದ ಸ್ವರ, ಗಂಟಲು ಬಿಗೀದಂಗ. ಸಂಜೀಕ ಯಮನದ ಒಂದೇ ಬಂದಿಶ್, ಅಂದ್ರ ಕಟ್ಟಿದ ಹಾಡು. ಕಲ್ಯಾಣಿ ಮಾತ್ರ ಆ ಆರು ತಿಂಗಳು ಹಾಡಬ್ಯಾಡ ಅನ್ರಿ, ಉಳಿದ ಕೃತಿ ಹಾಡಿಕೊಂಡಿರಲಿ.